ಮಮ್ಮುವಿನ ತಲೆಯ ಎರಡು ಅಲೆಗಳು

ಹೊಸ ಚಿಕಿತ್ಸೆಯ ಅಧ್ಯಯನ ಮುಗಿದ ದಿನ ಲಾಯಿಲದ ಮಮ್ಮುವಿನ ತಲೆಗೆ ಜೋಡಿಸಿದ್ದ ಯಂತ್ರವನ್ನು ಆಸ್ಪತ್ರೆಯವರು ಹಳೆಯ ರೀತಿಗೆ ತಿರುಗಿಸಿ ಮನೆಗೆ ಕಳುಹಿಸಿದರು. ಹೊಸ ರೀತಿಯಲ್ಲಿ ಅವನು ನಡೆಯುತ್ತಿದ್ದ. ಹಳೆಯ ರೀತಿಯಲ್ಲಿ ನಡೆಯಲಾಗುತ್ತಿರಲಿಲ್ಲ. ಅದೇ ಅಧ್ಯಯನದಲ್ಲಿದ್ದ ಬೆಳುವಾಯಿಯ ಸರಸಳ ಯಂತ್ರವನ್ನೂ ಅದೇ ದಿನ ತಿರುಗಿಸಿದರು.

ಅದಾಗಿ ಒಂದು ಮಳೆಗಾಲ ಕಳೆದಿದೆ. ಮಮ್ಮು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಹೋಗಬೇಕೆಂದೇ ಹೊರಟದ್ದು. ಹೊಸ್ತಿಲ ಹತ್ತಿರ ಬಂದದ್ದೇ ಪಾದಗಳು ನೆಲಕ್ಕೆ ಅಂಟಿಕೊಂಡವು. ಮೊಣಕಾಲು ನಡುಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಪಾದ ಮಾತ್ರ ಏಳುವುದಿಲ್ಲ. ಮೈಮೂನಮ್ಮ ಒಲೆಯ ಮೇಲಿನ ಪಾತ್ರೆ ಕೆಳಗಿಟ್ಟು ಬಂದಳು. ಗಂಡನನ್ನು ತಳ್ಳಲಿಲ್ಲ, ಎಳೆಯಲಿಲ್ಲ. ಅವನ ಪಾದದ ಮುಂದೆ ತನ್ನ ಪಾದವನ್ನು ಅಡ್ಡ ಇಟ್ಟಳು.

“ದಾಟಿ.”

ಎದುರಿಗೊಂದು ಅಡ್ಡಿ ಕಂಡರೆ ಆ ಕಾಲು ಏಳುತ್ತದೆ. ಏಕೆಂದು ಡಾಕ್ಟರರಿಗೂ ಪೂರ್ತಿ ಗೊತ್ತಿಲ್ಲ. ಮಮ್ಮು ದಾಟಿದ.

“ಹೆಂಡತಿಯ ಕಾಲು ದಾಟಿ ದಾಟಿ ನನಗೆ ಇನ್ನು ಸ್ವರ್ಗ ಸಿಗ್ಲಿಕ್ಕಿಲ್ಲ,” ಎಂದ.

“ಸ್ವರ್ಗಕ್ಕೆ ಆಮೇಲೆ ಹೋಗುವ. ಈಗ ಗಂಜಿಗೆ ಬನ್ನಿ.”

ಮನೆ ರಸ್ತೆಗೆ ತಾಗಿಕೊಂಡೇ ಇದೆ. ಬೆಳ್ತಂಗಡಿಯಿಂದ ಉಜಿರೆ ಕಡೆಗೆ ಹೋಗುವ ಬಸ್ಸುಗಳೆಲ್ಲ ಜಗಲಿಯ ಮುಂದೆಯೇ ಹಾದುಹೋಗುತ್ತವೆ. ಹಾರ್ನ್ ಕೇಳಿ ಅವನು ಯಾವ ಬಸ್ಸೆಂದು ಹೇಳುತ್ತಾನೆ. ಗೇರ್ ಬದಲಿಸುವ ಸದ್ದು ಕೇಳಿ ಸ್ಟಿಯರಿಂಗ್ ಹಿಡಿದವನು ಯಾರೆಂದು ಹೇಳುತ್ತಾನೆ. ಕಂಡಕ್ಟರನ ವಿಸಿಲ್ ಕೇಳಿದರೆ ಮಾತ್ರ ಏನೂ ಹೇಳುವುದಿಲ್ಲ. ಬಟ್ಟಲಿನ ಕಡೆಗೆ ನೋಡುತ್ತಾನೆ.

ಮೂಡುಬಿದಿರೆ–ವೇಣೂರು–ಬೆಳ್ತಂಗಡಿ ಲೈನಿನಲ್ಲಿ ಅವನು ಕಂಡಕ್ಟರ್ ಆಗಿದ್ದ, ಶೀನಪ್ಪ ಡ್ರೈವರ್. ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಶೀನಪ್ಪ ಹಿಂದೆ ನೋಡುವ ಕನ್ನಡಿಯನ್ನು ನಂಬಿದವನಲ್ಲ, ಮಮ್ಮುವಿನ ವಿಸಿಲನ್ನು ನಂಬಿದವನು. ಒಂದು ವಿಸಿಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಜನ ಹತ್ತಿ ಮುಗಿದ ಮೇಲೆ ಮಮ್ಮು ರಸ್ತೆಯಲ್ಲಿ ನಿಂತೇ ಎರಡು ಊದುತ್ತಿದ್ದ. ಬಸ್ಸು ಹೊರಟು, ಇನ್ನು ಕೈತಪ್ಪಿತು ಅನ್ನುವ ಹೊತ್ತಿಗೆ ಕಂಬಿ ಹಿಡಿದು ಫುಟ್‌ಬೋರ್ಡಿಗೆ ಕಾಲಿಡುತ್ತಿದ್ದ. ನೆಲ ಬಿಟ್ಟು ಬಸ್ಸು ಸಿಗುವ ನಡುವೆ ಒಂದು ಕ್ಷಣ ಕಾಲಡಿಯಲ್ಲಿ ಎರಡೂ ಇರುವುದಿಲ್ಲ. ಆ ಕ್ಷಣವನ್ನು ಬಿಟ್ಟಿರಲಾಗದೆ ಅವನು ಗಲ್ಫಿಗೆ ಕರೆದವರಿಗೆಲ್ಲ ಇಲ್ಲ ಅಂದಿದ್ದ. ಮೈಮೂನಮ್ಮನಿಗೆ ಮಾತ್ರ ಬೇರೆ ಕಾರಣ ಹೇಳಿದ್ದ.

ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಮೊದಲು ಬಲಗೈ ಹೆಬ್ಬೆರಳಿಗೆ ಬಂತು. ಟಿಕೆಟ್ ಮಿಷನ್ನಿನ ಗುಂಡಿಯ ಮೇಲೆ ಬೆರಳು ತಡವರಿಸತೊಡಗಿತು. ಒಂದು ಬೆಳಿಗ್ಗೆ ಗುರುವಾಯನಕೆರೆಯಲ್ಲಿ ಮಮ್ಮು ಎರಡು ವಿಸಿಲ್ ಊದಿದ, ಬಸ್ಸು ಹೊರಟಿತು, ಅವನು ಹೊರಡಲಿಲ್ಲ. ಚೀಲ ಹೆಗಲಲ್ಲಿಟ್ಟುಕೊಂಡು ರಸ್ತೆಯಲ್ಲೇ ನಿಂತಿದ್ದ. ಟಿಕೆಟ್ ಕೇಳುವವರಿಲ್ಲವೆಂದು ಪ್ರಯಾಣಿಕರು ಸುಮ್ಮನಿದ್ದರು. ಕೊನೆಗೆ ವೇಣೂರಿನಲ್ಲಿ ಇಳಿದ ಒಬ್ಬಳು ಮುದುಕಿ, “ನಿಮ್ಮ ಬ್ಯಾರಿ ಕಂಡಕ್ಟರ್ ಎಲ್ಲಿ?” ಎಂದು ಕೇಳಿದಾಗಲೇ ಶೀನಪ್ಪನಿಗೆ ತಿಳಿದದ್ದು.

“ಇಡೀ ಬಸ್ಸನ್ನು ಧರ್ಮಕ್ಕೆ ವೇಣೂರಿಗೆ ಕಳಿಸಿದೆ ನೀನು,” ಎಂದು ಶೀನಪ್ಪ ಆ ಸಂಜೆ ಬೈದ. ಬೈದು ಮುಗಿಸಿ ಅವನ ಚೀಲವನ್ನು ತಾನೇ ಹೊತ್ತುಕೊಂಡ. ಅದೇ ಮಮ್ಮುವಿನ ಕೊನೆಯ ಟ್ರಿಪ್ಪು.

ಮಾತ್ರೆಗಳು ಸೋತ ಮೇಲೆ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯವರು ಕರೆದರು. ಅಧ್ಯಯನ ನಡೆಯುತ್ತಿದೆ, ಶಸ್ತ್ರಚಿಕಿತ್ಸೆಗೆ ಖರ್ಚಿಲ್ಲ ಅಂದರು. ಮೆದುಳಿನ ಆಳಕ್ಕೆ ಒಂದು ತಂತಿ, ಬುರುಡೆಯ ಕೆಳಗೆ ಮೆದುಳಿನ ಮೇಲೆ ಒಂದು ಪಟ್ಟಿ, ಎದೆಯ ಚರ್ಮದಡಿಯಲ್ಲಿ ಬ್ಯಾಟರಿಯ ಡಬ್ಬಿ. ಹಳೆಯ ರೀತಿಯಲ್ಲಿ ಆ ಡಬ್ಬಿ ಹಗಲಿರುಳು ಒಂದೇ ಸಮನೆ ವಿದ್ಯುತ್ತು ಕೊಡುತ್ತದೆ. ಹೊಸ ರೀತಿಯಲ್ಲಿ ಮೊದಲು ಕೇಳಿಸಿಕೊಳ್ಳುತ್ತದೆ, ಆಮೇಲೆ ಬೇಕಾದಷ್ಟೇ ಕೊಡುತ್ತದೆ. ಏನನ್ನು ಕೇಳಿಸಿಕೊಳ್ಳುವುದೆಂದು ಡಾಕ್ಟರ್ ದೀಕ್ಷಿತಾ ತನ್ನ ಎರಡೂ ಕೈಗಳ ಬೆರಳು ಹೆಣೆದು ತೋರಿಸಿದ್ದಳು.

“ನೋಡಿ ಮಮ್ಮುಕಾಕ, ಎಲ್ಲರ ತಲೆಯಲ್ಲೂ ಅಲೆಗಳುಂಟು. ಒಂದು ನಿಧಾನದ್ದು, ಒಂದು ಚುರುಕಿನದ್ದು. ಸುಮ್ಮನೆ ಕೂತಾಗ ಚುರುಕಿನದ್ದು ನಿಧಾನದ್ದರ ತಾಳಕ್ಕೆ ಕಟ್ಟಿಕೊಂಡು ಹೀಗೆ ಇರ್ತದೆ. ಏಳಬೇಕು ಅಂತ ಮನಸ್ಸು ಮಾಡಿದ ಕೂಡಲೇ ಇವೆರಡೂ ಕೈ ಸಡಿಲಿಸಬೇಕು. ಆಗ ಕಾಲಿಗೆ ದಾರಿ ಸಿಗ್ತದೆ. ನಿಮ್ಮ ತಲೆಯಲ್ಲಿ ಈ ಹಿಡಿತ ಬಿಗಿ ಜಾಸ್ತಿ. ಹೊರಡುವ ಹೊತ್ತಿಗೂ ಬಿಡುವುದಿಲ್ಲ.”

ಜೊತೆಗೆ ಬಂದಿದ್ದ ಶೀನಪ್ಪ ಹೊರಗೆ ಬಂದ ಮೇಲೆ, “ಬ್ರೇಕ್ ಜಾಮ್ ಅಂತ ಹೇಳಿದರೆ ಆಗ್ತಿತ್ತು. ಅದಕ್ಕೆ ಅಷ್ಟೆಲ್ಲ ಬೆರಳು ಯಾಕೆ?” ಎಂದ.

ಹೊಸ ರೀತಿಯಲ್ಲಿ ಮಾಡಿದ ಮೊದಲ ಪರೀಕ್ಷೆ ಹೀಗಿತ್ತು: ಕೋಣೆಯಲ್ಲಿ ‘ಟಿಂ’ ಎಂದು ಒಂದು ಸದ್ದು, ಸದ್ದಾದ ಕೂಡಲೇ ನಡೆಯತೊಡಗಬೇಕು. ಮಮ್ಮು ನಡೆಯುತ್ತಿರಲಿಲ್ಲ. ನಡೆಯದಿದ್ದರೆ ಹೋಗಲಿ, ಟಿಂ ಅಂದದ್ದೇ ಅವನ ಅಲೆಗಳು ಮೊದಲಿಗಿಂತ ಬಿಗಿಯಾಗುತ್ತಿದ್ದವು. ದೀಕ್ಷಿತಾ ತಂತಿಯ ಜಾಗ ತಪ್ಪಿತೇನೋ ಎಂದು ಸ್ಕ್ಯಾನ್ ಮಾಡಿಸಿದಳು, ಮಾತ್ರೆ ಬದಲಿಸಿದಳು. ಮಮ್ಮುವಿಗೂ ಏನೆಂದು ಹೊಳೆಯಲಿಲ್ಲ. ಕೊನೆಗೆ ತನ್ನ ಸರದಿಗೆ ಕಾಯುತ್ತ ಬೆಂಚಿನಲ್ಲಿ ಕೂತಿದ್ದ ಬೀಡಿ ಕಟ್ಟುವ ಸರಸ ಸೆರಗು ಬಾಯಿಗಿಟ್ಟು ನಗತೊಡಗಿದಳು.

“ಮೇಡಂ, ಆ ಜನ ನಮ್ಮ ಮೂಡುಬಿದಿರೆ ಲೈನಿನ ಕಂಡಕ್ಟರ್. ನೀವು ಒಂದು ವಿಸಿಲ್ ಹೊಡೆದರೆ ಅವರು ನಿಲ್ಲಿಸದೆ ಎಂತ ಮಾಡುವುದು? ಎರಡು ಹೊಡೆದು ನೋಡಿ.”

ಎರಡು ಟಿಂ ಅಂದಾಗ ಮಮ್ಮು ಹೊರಟ. ದೀಕ್ಷಿತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದು ಜೀವಮಾನವಿಡೀ ಕಿವಿಯಿಂದ ಕಾಲಿಗೆ ಹೋದ ಅಭ್ಯಾಸ ಬುರುಡೆಗೆ ತೂತು ಕೊರೆದರೂ ಅಲ್ಲಾಡಿರಲಿಲ್ಲ.

ಆಮೇಲೆ ಬಂದ ತಿಂಗಳುಗಳ ಬಗ್ಗೆ ಮಮ್ಮು ಯಾರೊಡನೆಯೂ ಹೆಚ್ಚು ಮಾತಾಡುವುದಿಲ್ಲ. ಮಾತಾಡಿದರೆ ಸವೆದುಹೋಗುತ್ತವೆಂಬ ಹೆದರಿಕೆ. ಹೊಸ ರೀತಿ ಹಾಕಿದ ಮೇಲೆ ಅವನು ಪೇಟೆಗೆ ನಡೆದು ಹೋಗಿ ಮೀನು ತಂದ. ಮಸೀದಿಯಲ್ಲಿ ಕುರ್ಚಿ ಬಿಟ್ಟು ಸಾಲಿನಲ್ಲಿ ನಿಂತ. ಎಲ್ಲರ ಹಣೆಯ ಜೊತೆಗೆ ಅವನ ಹಣೆಯೂ ಚಾಪೆಗೆ ಮುಟ್ಟಿತು. ಒಂದು ದಿನ ಶೀನಪ್ಪನ ಬಸ್ಸಿನಲ್ಲಿ ಸುಮ್ಮನೆ ಹೋಗಿ, ವೇಣೂರಿನಲ್ಲಿ ಇಳಿದು, ಹೊಸ ಕಂಡಕ್ಟರನ ಕಡೆ ಕಣ್ಣು ಮಿಟುಕಿಸಿ, ಓಡುವ ಬಸ್ಸಿಗೆ ಕಾಲಿಟ್ಟ. ಸರಸ ಒಂದು ಕಟ್ಟು ಬೀಡಿ ಕಟ್ಟಿ ಆಸ್ಪತ್ರೆಗೇ ತಂದು ಅವನ ಮಡಿಲಿಗೆ ಹಾಕಿದ್ದಳು. “ಎಳೆಯುವುದು ಬೇಡ. ಗಂಟು ನೋಡಿ ಸಾಕು, ನನ್ನ ಕೈ ಪುನಃ ಹುಡುಗಿಯರ ಕೈಯ ಹಾಗೆ ಆಗಿದೆ.”

ಆಮೇಲೆ ಅಧ್ಯಯನ ಮುಗಿಯಿತು. ಹೊಸ ರೀತಿಗೆ ಯಂತ್ರ ಮಾಡಿದ ಕಂಪೆನಿ ಅನುಮತಿ ಕೊಟ್ಟದ್ದು ಅಧ್ಯಯನದ ತನಕ ಮಾತ್ರವಂತೆ. ಮೊದಲೇ ಹೇಳಿದ್ದೆವಲ್ಲ ಅಂದರು ಆಸ್ಪತ್ರೆಯವರು. ಹೇಳಿದ್ದು ಹೌದು. ನಡೆಯಲಾಗದವನಿಗೆ, ಅವನು ನಡೆದು ನೋಡುವ ಮೊದಲು ಹೇಳಿದ್ದರು. ತಂತಿ ಅವನ ಮೆದುಳಿನಲ್ಲಿ, ಡಬ್ಬಿ ಅವನ ಎದೆಯಲ್ಲಿ, ಅಲೆಗಳಂತೂ ಹುಟ್ಟಿನಿಂದ ಅವನವೇ. ಕೀಲಿಕೈ ಮಾತ್ರ ಅವನು ಕಂಡರಿಯದ ಊರಿನ ಯಾರದೋ ಕೈಯಲ್ಲಿ.

ಗಂಜಿ ಉಣ್ಣುವಾಗ ಫೋನು ಬಂತು. ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವ ತರುಣ್ ಎಂಬವನು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಆಸ್ಪತ್ರೆಯ ಹೊಸ ನರರೋಗ ಕೇಂದ್ರ ತೆರೆಯುತ್ತಿದ್ದಾರೆ, ಕಂಪೆನಿಯ ದೊಡ್ಡವರು ಬರುತ್ತಾರೆ, ಮಮ್ಮುಕಾಕ ವೇದಿಕೆಯಲ್ಲಿ ನಡೆದು ತೋರಿಸಬೇಕು ಎಂದ.

“ನಾನು ನಡೆಯುವುದು ನೋಡಬೇಕಾದರೆ ನನ್ನ ಹೆಂಡತಿಯ ಕಾಲನ್ನೂ ವೇದಿಕೆಗೆ ತರಬೇಕು,” ಎಂದ ಮಮ್ಮು.

“ಹಾಗಲ್ಲ ಕಾಕ. ಆ ದಿನಕ್ಕೆ ನಿಮಗೆ ಹೊಸ ರೀತಿ ಹಾಕ್ತಾರೆ. ಕಾರ್ಯಕ್ರಮ ಮುಗಿಯುವ ತನಕ.”

ಮಮ್ಮು ಮುಂದಿನದ್ದನ್ನು ಕೇಳಲಿಲ್ಲ. “ಬರ್ತೇನೆ,” ಎಂದುಬಿಟ್ಟ.

ಮೈಮೂನಮ್ಮ ಬಟ್ಟಲನ್ನು ಎತ್ತಿ ಮತ್ತೆ ಕೆಳಗಿಟ್ಟಳು. “ಹಸಿದವನ ಬಾಯಿಗೆ ತುತ್ತು ತೋರಿಸಿ ಕೈ ಹಿಂದೆ ತೆಗೆಯುವವರು ಅವರು. ಮೊನ್ನೆ ಮೊನ್ನೆ ನೀವು ಗೋಡೆಗೆ ಮುಖ ಮಾಡಿ ಮಲಗಿದ್ದು ಮರೆತುಹೋಯಿತಾ?”

“ತೋರಿಸಲಿ ಮೈಮೂನಾ. ಪರಿಮಳವಾದರೂ ಬರ್ತದಲ್ಲ.”

ಆ ದಿನ ಬಂದಾಗ ಅವಳೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು, ಗುಂಡಿಗಳನ್ನೂ ಅವಳೇ ಹಾಕಿದಳು.

ಶೀನಪ್ಪ ತನ್ನ ಭಾವನ ಓಮ್ನಿ ವ್ಯಾನು ತಂದಿದ್ದ. ದಾರಿಯಲ್ಲಿ ಮಮ್ಮು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

“ಶೀನಣ್ಣ, ವೇದಿಕೆಯಿಂದ ಇಳಿದ ಕೂಡಲೇ ಅವರು ಮಷಿನ್ ತಿರುಗಿಸ್ಲಿಕ್ಕೆ ಬರ್ತಾರೆ. ತಿರುಗಿಸಬೇಕಾದರೆ ನನ್ನನ್ನು ಹಿಡಿಯಬೇಕಲ್ಲ? ರಸ್ತೆ ದಾಟಿದರೆ ಬಸ್‌ಸ್ಟ್ಯಾಂಡ್. ನಾನು ಓಡ್ತೇನೆ.”

“ಓಡಿ?”

“ಹೊರಟ ಬಸ್ಸಿಗೆ ಹತ್ತುತ್ತೇನೆ. ಒಂದೇ ಒಂದು ಸಲ. ಮುಂದಿನ ಸ್ಟಾಪಿನಲ್ಲಿ ನೀನು ಬಂದು ಇಳಿಸಿಕೊ.”

“ಯಾವ ಬಸ್ಸು?”

“ಯಾವುದಾದರೂ. ನಮಗೆ ಊರಿಗೆ ಹೋಗ್ಲಿಕ್ಕಾ ಹತ್ತುವುದು?”

ಶೀನಪ್ಪ ಗೇರ್ ಬದಲಿಸಿದ. “ಬ್ಯಾರಿ, ನಿನ್ನನ್ನು ಹಿಡಿದುಕೊಡು ಅಂತ ಡಾಕ್ಟರ್ ಅಮ್ಮ ನನಗೆ ಹೇಳಿದರೆ?”

“ಆಗ ನೀನು ಎಂತ ಹೇಳ್ತಿ?”

“ನನಗೆ ಹಿಂದೆ ನೋಡುವ ಅಭ್ಯಾಸ ಇಲ್ಲ ಅಂತ ಹೇಳ್ತೇನೆ.”

ಹಿಂದಿನ ಸೀಟಿನಲ್ಲಿ ಮೈಮೂನಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು. ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡಳು.

ಸಭಾಭವನದಲ್ಲಿ ಹೂವಿನ ಕಮಾನು, ಕುರ್ಚಿಗಳಿಗೆಲ್ಲ ಬಟ್ಟೆ, ವೇದಿಕೆಯ ಹಿಂದೆ ಗೋಡೆಯಗಲದ ಪರದೆ. ಶೀನಪ್ಪನನ್ನೂ ಮೈಮೂನಮ್ಮನನ್ನೂ ಮುಂದಿನ ಸಾಲಿನ ತುದಿಯಲ್ಲಿ ಕೂರಿಸಿದರು. ಪಕ್ಕದ ಕೋಣೆಯಲ್ಲಿ ದೀಕ್ಷಿತಾ ಮಮ್ಮುವಿನ ಎದೆಯ ಡಬ್ಬಿಯ ಮೇಲೆ ಒಂದು ಬಿಲ್ಲೆ ಇಟ್ಟು, ಟ್ಯಾಬಿನ ಮೇಲೆ ಬೆರಳಾಡಿಸಿದಳು. ಅವಳು ಅವನ ಮುಖ ನೋಡಲಿಲ್ಲ.

ಮೊದಲು ಏನೂ ಆಗಲಿಲ್ಲ. ಆಮೇಲೆ ಬಲಪಾದದ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿ ಆಡಿತು. ಮಮ್ಮು ಉಸಿರು ಹಿಡಿದ. ಮೀನಖಂಡದಲ್ಲಿ ಒಂದು ಸಡಿಲ, ಮೊಣಕಾಲಲ್ಲಿ ಒಂದು ಸಡಿಲ, ನೆನೆದ ಹಗ್ಗದ ಗಂಟು ಬಿಚ್ಚಿಕೊಳ್ಳುವಂತೆ ಸೊಂಟದವರೆಗೆ. ಬಾಯಲ್ಲಿ ನಾಲಿಗೆಯೂ ಹಗುರಾಯಿತು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಗೇರ್ ಬದಲಿಸಿತು. ಅವನ ಹಿಮ್ಮಡಿ ತಾನೇ ನೆಲ ಬಿಟ್ಟಿತು.

“ಹೇಗುಂಟು ಕಾಕ?” ಎಂದಳು ದೀಕ್ಷಿತಾ.

“ಕೇಳಬೇಡಿ ಮೇಡಂ,” ಎಂದ ಮಮ್ಮು.

ಅವನನ್ನು ಚಕ್ರದ ಕುರ್ಚಿಯಲ್ಲೇ ತಂದು ವೇದಿಕೆಯ ಒಂದು ಬದಿಗೆ ನಿಲ್ಲಿಸಿದರು. ಎದ್ದು ನಿಲ್ಲುವುದು ಎಲ್ಲರ ಕಣ್ಣೆದುರಿಗೇ ಆಗಬೇಕಿತ್ತು. ಪರದೆಯಲ್ಲಿ ಅವನ ಅಲೆಗಳು, ನಿಧಾನದ್ದು ನೀಲಿ, ಚುರುಕಿನದ್ದು ಕೆಂಪು. ಅವುಗಳ ಕೆಳಗೆ ಇನ್ನೊಂದು ಜೋಡಿ ಗೆರೆಗಳೂ ಇದ್ದವು. ಅವು ಯಾರವೆಂದು ಅವನಿಗೆ ತಿಳಿದದ್ದು, ಇನ್ನೊಂದು ಬದಿಯಿಂದ ನರ್ಸ್ ಒಬ್ಬಳು ಸರಸಳನ್ನು ಕೈಹಿಡಿದು ಕರೆತಂದಾಗ.

ಸರಸ ಅರ್ಧವಾಗಿದ್ದಳು. ಅಂಚಿನ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಮಮ್ಮುವನ್ನು ಕಂಡು ಅವಳ ಮುಖ ನಗಲು ನೋಡಿತು; ಆ ಮುಖಕ್ಕೆ ಈಗ ನಗುವುದೂ ಕಷ್ಟ.

“ನಿಮಗೆ ಹಾಕಿ ಆಯ್ತಾ ಮಮ್ಮುಕಾಕ?” ಎಂದಳು. ಮಾತು ಗಂಟಲೊಳಗೇ ಅರ್ಧ ಉಳಿಯುತ್ತಿತ್ತು.

“ಆಯ್ತು ಸರಸಕ್ಕ. ನಿಮಗೆ?”

“ನನಗೆ ಇನ್ನು ಹಾಕ್ತಾರೆ ಕಾಣ್ತದೆ.”

ತರುಣ್ ಮೈಕು ಹಿಡಿದ. ಒಂದೇ ಕಾಯಿಲೆಯ ಇಬ್ಬರು ನಿಮ್ಮ ಮುಂದಿದ್ದಾರೆ ಎಂದ. ಇವರು ಸಾಮಾನ್ಯ ರೀತಿಯವರು, ಅವರು ಹೊಸ ತಂತ್ರಜ್ಞಾನದವರು. ಮೊದಲು ಇವರನ್ನು ನೋಡುವ.

“ಅಮ್ಮ, ನಡೆಯಿರಿ.”

ನರ್ಸು ಕೈ ಬಿಟ್ಟು ಹಿಂದೆ ಸರಿದಳು. ಸರಸ ನಡೆದಳು; ಪಾದ ಎತ್ತದೆ, ಉಜ್ಜಿಕೊಂಡು, ವೇದಿಕೆಯ ನಡುವಿನವರೆಗೆ. ಅಲ್ಲಿ ಹಾಸುಗಂಬಳಿಯ ಬಣ್ಣ ಬದಲಾಗುತ್ತಿತ್ತು. ಆ ಅಂಚಿನಲ್ಲಿ ಅವಳು ನಿಂತುಬಿಟ್ಟಳು. ಪರದೆಯಲ್ಲಿ ಕೆಳಗಿನ ನೀಲಿಯೂ ಕೆಂಪೂ ಒಂದರ ಮೇಲೊಂದು ಬಿಗಿದುಕೊಂಡವು. ಮೊಣಕಾಲು ನಡುಗಿತು, ತಲೆಯ ಮಲ್ಲಿಗೆ ನಡುಗಿತು. ಕೆಳಗೆ ಕಂಪೆನಿಯವರು ಫೋನು ಎತ್ತಿ ಹಿಡಿದರು. ಸಹಾಯ ಮಾಡಬಾರದೆಂದು ಮೊದಲೇ ಹೇಳಿದ್ದರಿಂದ ನರ್ಸು ಕದಲಲಿಲ್ಲ. ಸರಸ ಕತ್ತು ತಿರುಗಿಸಲಾಗದೆ ಕಣ್ಣನ್ನು ಮಾತ್ರ ತಿರುಗಿಸಿ ಮಮ್ಮುವನ್ನು ಹುಡುಕಿದಳು.

ಅವಳಿಗೆ ಹಾಕುವುದಿಲ್ಲ. ಹಾಕದೆ ಇರುವುದಕ್ಕೇ ಅವಳನ್ನು ಕರೆಸಿದ್ದು. ಅದು ಮಮ್ಮುವಿಗೆ ಆಗ ತಿಳಿಯಿತು.

“ಈಗ ವ್ಯತ್ಯಾಸ ನೋಡಿ,” ಎಂದ ತರುಣ್. “ಮಮ್ಮುಕಾಕ, ಎದ್ದು ಬನ್ನಿ.”

ಪರದೆಯಲ್ಲಿ ಮೇಲಿನ ಜೋಡಿ ಸಡಿಲವಾಯಿತು. ಕೆಂಪು ನೀಲಿಯಿಂದ ಬಿಡಿಸಿಕೊಂಡು ತನ್ನ ಪಾಡಿಗೆ ಮೇಲೆದ್ದಿತು. ಸಭೆಯಲ್ಲಿ ಗುಸುಗುಸು. ದೀಕ್ಷಿತಾ ಕೆಳಗಿನವರಿಗೆ ವಿವರಿಸಿದಳು: ಎದ್ದಿಲ್ಲ, ಇನ್ನೂ ಎದ್ದಿಲ್ಲ, ಏಳಬೇಕೆಂದು ಬಯಸಿದ್ದಾರೆ ಅಷ್ಟೇ, ಅಷ್ಟರಲ್ಲೇ ಬಿಟ್ಟಿದೆ ನೋಡಿ.

ಬಯಸಿದ್ದು ನಿಜ. ಎದ್ದು ಸರಸಳ ಬಳಿಗೆ ಹೋಗಿ ಕೈ ಹಿಡಿಯಬೇಕು ಎಂದೇ ಅವನ ಕಾಲು ಮೊದಲು ಹೊರಟದ್ದು. ಆದರೆ ಹಾಗೆ ಹೋದರೂ ಅದು ಅವರಿಗೆ ಬೇಕಾದ ನಡಿಗೆಯೇ. ಚಪ್ಪಾಳೆ ಬೀಳುತ್ತದೆ. ಸರಸಳ ಕೈ ಹಿಡಿದದ್ದಕ್ಕೆ ಇನ್ನೂ ಜೋರಾಗಿ ಬೀಳುತ್ತದೆ. ಮಮ್ಮು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದ.

“ಮೈಮೂನಾ,” ಎಂದು ಕರೆದ. “ಸರಸಕ್ಕನನ್ನು ಕೂರಿಸು.”

ಮೈಮೂನಮ್ಮ ತಾನು ಕೂತಿದ್ದ ಕುರ್ಚಿಯನ್ನು ಅದರ ಬಟ್ಟೆಯ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಯಾರನ್ನೂ ಕೇಳಲಿಲ್ಲ. ಕುರ್ಚಿಯನ್ನು ಸರಸಳ ಹಿಂದಿಟ್ಟು, ಎರಡೂ ಭುಜ ಹಿಡಿದು ಮೆಲ್ಲನೆ ಕೂರಿಸಿ, ಪಕ್ಕದಲ್ಲಿ ನಿಂತಳು.

ತರುಣ್ ಮೈಕು ಮುಚ್ಚಿ ಬಳಿಗೆ ಬಂದ. “ಕಾಕ, ಜನ ಕಾಯ್ತಿದ್ದಾರೆ. ಇವತ್ತು ಚೆಂದ ಮಾಡಿ ನಡೆದರೆ ನಿಮ್ಮದನ್ನು ಹೀಗೆಯೇ ಬಿಡುವುದಕ್ಕೆ ಕಂಪೆನಿಯವರಲ್ಲಿ ನಾನೇ ಹೇಳ್ತೇನೆ.”

ಮಮ್ಮು ತನ್ನ ಪಾದಗಳನ್ನು ನೋಡಿಕೊಂಡ. “ಹೀಗೆಯೇ? ಯಾವಾಗಲೂ?”

“ಯಾವಾಗಲೂ.”

“ಸರಸಕ್ಕನದ್ದು?”

ತರುಣ್ ಕೆಳಗಿನ ಸಾಲಿನ ಕಡೆ ನೋಡಿದ. “ಒಬ್ಬೊಬ್ಬರದ್ದೇ ನೋಡುವ ಕಾಕ.”

“ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ಕಂಡಕ್ಟರ್ ಎಂತ ಮಾಡ್ತಾನೆ, ನಿಮಗೆ ಗೊತ್ತುಂಟಾ?” ಎಂದ ಮಮ್ಮು. “ಹಿಂದಿನಿಂದ ಬರುವ ಬಸ್ಸಿಗೆ ಕೈ ಅಡ್ಡ ಹಿಡಿದು ಜನರನ್ನು ಹತ್ತಿಸ್ತಾನೆ. ಅದು ನಮ್ಮ ಎದುರಾಳಿ ಬಸ್ಸಾದರೂ ಸರಿ. ಕೊನೆಗೆ ಜಾಗ ಉಳಿದರೆ ಅವನು.”

“ಇದು ಬಸ್ಸಲ್ಲ ಕಾಕ.”

“ಅದು ನನಗೂ ಗೊತ್ತುಂಟು.”

ದೀಕ್ಷಿತಾ ಬಂದು ಅವನ ಪಕ್ಕದಲ್ಲಿ ಬಗ್ಗಿದಳು. “ಅವರದ್ದಕ್ಕೆ ಅನುಮತಿ ಇಲ್ಲ. ನನ್ನ ಕೈಯಲ್ಲಿ ಇಲ್ಲ ಕಾಕ.”

“ಟ್ಯಾಬ್ ನಿಮ್ಮ ಕೈಯಲ್ಲೇ ಉಂಟಲ್ಲ ಮೇಡಂ.”

ಅವಳು ಕೈಯಲ್ಲಿದ್ದ ಟ್ಯಾಬನ್ನು ನೋಡಿದಳು. ಬೆರಳು ಅದರ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಅದನ್ನು ಎದೆಗವಚಿಕೊಂಡು ಹಿಂದೆ ಸರಿದಳು.

ತರುಣ್ ಮತ್ತೆ ಮೈಕಿಗೆ ಹೋಗಿ, ಯಂತ್ರದಲ್ಲಿ ಸಣ್ಣ ತಾಂತ್ರಿಕ ತೊಂದರೆ, ದಯವಿಟ್ಟು ಕ್ಷಮಿಸಿ ಎಂದ.

“ಮಷಿನಿಗೆ ಏನೂ ತೊಂದರೆ ಇಲ್ಲ,” ಎಂದ ಮಮ್ಮು. ಬಸ್ಸಿನ ಹಿಂದಿನ ಬಾಗಿಲಿಂದ ಮುಂದಿನ ಸೀಟಿಗೆ ಕೇಳಿಸುತ್ತಿದ್ದ ಹಳೆಯ ದನಿ ಅದು, ಮೈಕು ಬೇಕಾಗಲಿಲ್ಲ. “ಅಲ್ಲಿ ನೋಡಿ, ಬಿಟ್ಟುಕೊಂಡೇ ಉಂಟು.”

ಎಲ್ಲರೂ ಪರದೆ ನೋಡಿದರು. ಕೆಂಪು ಅಲೆ ತಡೆಯಿಲ್ಲದೆ ಏಳುತ್ತಿತ್ತು, ಇಳಿಯುತ್ತಿತ್ತು. ರಸ್ತೆಯಾಚೆ ಬಸ್ಸುಗಳು ಹೊರಡುತ್ತಿದ್ದವು. ಅವನ ತೊಡೆ, ಮೊಣಕಾಲು, ಪಾದ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಮುಂದಿನ ಸಾಲಿನಲ್ಲಿ ಶೀನಪ್ಪ ಎದ್ದು ನಿಂತಿದ್ದ.

“ಹಾಗಾದರೆ ನಡೆಯಿರಿ,” ಎಂದ ತರುಣ್. ದನಿಯಲ್ಲಿದ್ದ ನಯ ಹೋಗಿತ್ತು. “ಎದ್ದು ನಡೆಯಿರಿ.”

ಮಮ್ಮು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದ.

“ನಡೆಯುವುದಿಲ್ಲ,” ಎಂದ.